‘ಗುಡ್’ ಎಲ್ಲಿ, ‘ವೆಲ್’ ಎಲ್ಲಿ: ಕನ್ನಡಿಗರಿಗೆ ಇಂಗ್ಲಿಷ್ ಕ್ರಿಯಾವಿಶೇಷಣಗಳ ಮಾರ್ಗದರ್ಶಿ

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬೆಂಗಳೂರಿನ ಕಚೇರಿಗಳಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಇಮೇಲ್ ಬರೆಯಬೇಕಾದ ಓದುಗರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ‘ಗುಡ್’ ಎಲ್ಲಿ ಬರಬೇಕು, ‘ವೆಲ್’ ಎಲ್ಲಿ ಬರಬೇಕು? ‘ಮೋರ್ ಫಾಸ್ಟರ್’ ಎಂಬುದು ಏಕೆ ತಪ್ಪು? ‘ಹಾರ್ಡ್’ ಪದಕ್ಕೆ ‘ಲಿ’ ಸೇರಿಸಿದರೆ ಅರ್ಥ ಏಕೆ ತಲೆಕೆಳಗಾಗುತ್ತದೆ? ಇವು ಮೂರು ಬೇರೆ ಬೇರೆ ತೊಡಕುಗಳಂತೆ ಕಂಡರೂ ಮೂಲ ಒಂದೇ ಕಡೆ ಇದೆ. ಕನ್ನಡದಲ್ಲಿ ‘ಆಗಿ’ ಮತ್ತು ‘ಗಿಂತ’ ಎಂಬ ಎರಡು ಪುಟ್ಟ ರೂಪಗಳು ಮಾಡುವ ಕೆಲಸವನ್ನು ಇಂಗ್ಲಿಷ್ ಬೇರೆ ರೀತಿಯಲ್ಲಿ ಹಂಚಿಕೊಂಡಿದೆ. ಆದ್ದರಿಂದ ಇಂಗ್ಲಿಷಿನ ನಿಯಮಗಳನ್ನು ಬಾಯಿಪಾಠ ಮಾಡುವ ಮೊದಲು ನಿಮ್ಮ ಮನಸ್ಸಿನಲ್ಲಿರುವ ಕನ್ನಡ ವಾಕ್ಯವನ್ನೇ ಒಮ್ಮೆ ಬಿಡಿಸಿ ನೋಡಿಕೊಳ್ಳಿ. ನಾನು ಇಲ್ಲಿ ಹೇಳಿಕೊಡುವುದು ಆ ದಾರಿಯನ್ನೇ.

ಈ ಅಭ್ಯಾಸಕ್ಕೆ ಒಂದು ನೋಟ್‌ಬುಕ್ ಮತ್ತು ಒಂದು ಇಂಗ್ಲಿಷ್ ನಿಘಂಟು ಸಾಕು. ಜೊತೆಗೆ ನೀವೇ ಈಚೆಗೆ ಬರೆದು ಕಳುಹಿಸಿದ ಇಮೇಲ್‌ಗಳಿಂದ ಹತ್ತು ವಾಕ್ಯಗಳನ್ನು ಎತ್ತಿಟ್ಟುಕೊಳ್ಳಿ, ಏಕೆಂದರೆ ಪಠ್ಯಪುಸ್ತಕದ ವಾಕ್ಯಗಳಲ್ಲಿ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ನಾಲ್ಕು ಪಾರಿಭಾಷಿಕ ಪದಗಳು ಲೇಖನದುದ್ದಕ್ಕೂ ಬರುತ್ತವೆ. ನಾಮಪದದ ಗುಣವನ್ನು ಹೇಳುವ ಪದ ಗುಣವಾಚಕ. ಶಾಲೆಯಲ್ಲಿ ಇದನ್ನೇ ‘ಅಡ್ಜೆಕ್ಟಿವ್’ ಎಂದು ಕಲಿತಿರುತ್ತೀರಿ. ಕ್ರಿಯೆ ಹೇಗೆ, ಯಾವಾಗ, ಎಲ್ಲಿ, ಎಷ್ಟು ಸಲ ನಡೆಯಿತು ಎಂದು ಹೇಳುವ ಪದ ಕ್ರಿಯಾವಿಶೇಷಣ, ಅಂದರೆ ‘ಅಡ್ವರ್ಬ್’. ಎರಡನ್ನು ಹೋಲಿಸುವಾಗ ಪದ ತಾಳುವ ರೂಪ ‘ಕಂಪ್ಯಾರಟಿವ್’; ಎಲ್ಲಕ್ಕಿಂತ ಮಿಗಿಲೆಂದು ಹೇಳುವ ರೂಪ ‘ಸೂಪರ್ಲೇಟಿವ್’.

1. ‘ಆಗಿ’ಯ ಮುಂದೆ ಏನಿದೆ ಎಂದು ನೋಡಿ

ಈ ಹಂತಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಿ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಸೂತ್ರ ಸುಲಭವಾಗಿತ್ತು: ಕನ್ನಡದಲ್ಲಿ ‘ಆಗಿ’ ಬಂದರೆ ಇಂಗ್ಲಿಷಿನಲ್ಲಿ ‘ಲಿ’ ಹಚ್ಚಬೇಕು. ‘ಸ್ಪಷ್ಟವಾಗಿ’ ಎಂದರೆ ‘ಕ್ಲಿಯರ್ಲಿ’, ‘ಸುಲಭವಾಗಿ’ ಎಂದರೆ ‘ಈಸಿಲಿ’. ಈ ಸೂತ್ರ ಅರ್ಧ ಮಾತ್ರ ನಿಜ, ಮತ್ತು ನಮ್ಮ ಬಹುಪಾಲು ತಪ್ಪುಗಳು ಉಳಿದ ಅರ್ಧದಲ್ಲಿ ಹುಟ್ಟುತ್ತವೆ.

ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ: ‘ಮಗು ಶಾಂತವಾಗಿದೆ’, ‘ಮಗು ಶಾಂತವಾಗಿ ಮಲಗಿದೆ’. ಎರಡರಲ್ಲೂ ‘ಶಾಂತವಾಗಿ’ ಇದೆ. ಆದರೆ ಮೊದಲನೆಯದರಲ್ಲಿ ‘ಆಗಿ’ಯ ಬೆನ್ನಿಗೇ ‘ಇದೆ’ ಬಂದಿದೆ. ಅಲ್ಲಿ ಹೇಳುತ್ತಿರುವುದು ಮಗುವಿನ ಸ್ಥಿತಿಯನ್ನು. ಎರಡನೆಯದರಲ್ಲಿ ‘ಆಗಿ’ಯ ಮುಂದೆ ‘ಮಲಗು’ ಎಂಬ ಕ್ರಿಯೆ ಇದೆ. ಅಲ್ಲಿ ಹೇಳುತ್ತಿರುವುದು ಮಲಗಿರುವ ರೀತಿಯನ್ನು. ಇಂಗ್ಲಿಷ್ ಈ ವ್ಯತ್ಯಾಸವನ್ನು ಪದದಲ್ಲೇ ತೋರಿಸುತ್ತದೆ: ‘ದ ಚೈಲ್ಡ್ ಈಸ್ ಕ್ವಯಟ್’, ‘ದ ಚೈಲ್ಡ್ ಈಸ್ ಸ್ಲೀಪಿಂಗ್ ಕ್ವಯಟ್ಲಿ’. ಹಾಗಾಗಿ ನಿಯಮವನ್ನು ಹೀಗೆ ತಿದ್ದಿಕೊಳ್ಳಿ: ‘ಆಗಿ’ಯ ಬೆನ್ನಿಗೇ ‘ಇರು’, ‘ಕಾಣು’, ‘ಅನಿಸು’ ಎಂಬ ಕ್ರಿಯಾಪದಗಳು ಬಂದರೆ ಇಂಗ್ಲಿಷಿನಲ್ಲಿ ಗುಣವಾಚಕ ಬೇಕು, ಬೇರೆ ಕ್ರಿಯೆ ಬಂದರೆ ಕ್ರಿಯಾವಿಶೇಷಣ ಬೇಕು.

ಈಗ ‘ಚೆನ್ನಾಗಿ’ಯನ್ನು ನೋಡಿ. ‘ಊಟ ಚೆನ್ನಾಗಿದೆ’ ಎಂಬಲ್ಲಿ ‘ಇದೆ’ ಇರುವುದರಿಂದ ‘ದ ಫುಡ್ ಈಸ್ ಗುಡ್’. ‘ಅವಳು ಚೆನ್ನಾಗಿ ಅಡುಗೆ ಮಾಡುತ್ತಾಳೆ’ ಎಂಬಲ್ಲಿ ಕ್ರಿಯೆ ಇರುವುದರಿಂದ ‘ಶೀ ಕುಕ್ಸ್ ವೆಲ್’. ‘ನಾನು ಚೆನ್ನಾಗಿದ್ದೇನೆ’ ಎಂದು ಆರೋಗ್ಯದ ಬಗ್ಗೆ ಹೇಳುವಾಗ ಮಾತ್ರ ‘ಐ ಆಮ್ ವೆಲ್’ ಎನ್ನುವುದು ಸರಿ, ಏಕೆಂದರೆ ಅಲ್ಲಿ ‘ವೆಲ್’ ಎಂಬುದೇ ‘ಆರೋಗ್ಯವಾಗಿರುವ’ ಎಂಬ ಅರ್ಥದ ಗುಣವಾಚಕ. ಮಾತಿನಲ್ಲಿ ‘ಐ ಆಮ್ ಗುಡ್’ ಎಂಬುದೂ ಈಗ ಎಲ್ಲೆಡೆ ಕೇಳಿಬರುತ್ತದೆ, ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ.

ಎಚ್ಚರಿಕೆ: ‘ಲುಕ್’, ‘ಫೀಲ್’, ‘ಸ್ಮೆಲ್’, ‘ಟೇಸ್ಟ್’, ‘ಸೌಂಡ್’ ಎಂಬ ಐದು ಕ್ರಿಯಾಪದಗಳು ಎರಡೂ ಕಡೆ ನಿಲ್ಲುತ್ತವೆ. ‘ಸಾಂಬಾರ್ ರುಚಿಯಾಗಿದೆ’ ಎಂದು ಹೇಳಬೇಕಾದಾಗ ‘ದ ಸಾಂಬಾರ್ ಟೇಸ್ಟ್ಸ್ ಗುಡ್’ ಎನ್ನಬೇಕು; ಇಲ್ಲಿ ಸಾಂಬಾರು ಯಾವ ಕೆಲಸವನ್ನೂ ಮಾಡುತ್ತಿಲ್ಲ. ಆದರೆ ಅಜ್ಜಿ ಸೌಟಿನ ತುದಿಯಿಂದ ಅಂಗೈಗೆ ಎರಡು ಹನಿ ಹಾಕಿಕೊಂಡು, ಉಪ್ಪು ಹುಳಿ ಸರಿಯಿದೆಯೇ ಎಂದು ನಿಧಾನವಾಗಿ ರುಚಿ ನೋಡಿದರೆ, ಅದು ಒಂದು ಕೆಲಸ: ‘ಶೀ ಟೇಸ್ಟೆಡ್ ದ ಸಾಂಬಾರ್ ಕೇರ್‌ಫುಲಿ’. ಸಂದೇಹ ಬಂದಾಗ ಆ ಕ್ರಿಯಾಪದದ ಜಾಗದಲ್ಲಿ ‘ಈಸ್’ ಇಟ್ಟು ನೋಡಿ. ‘ದ ಸಾಂಬಾರ್ ಈಸ್ ಗುಡ್’ ಎಂಬುದು ನಿಲ್ಲುತ್ತದೆ, ಆದ್ದರಿಂದ ಗುಣವಾಚಕ. ‘ಶೀ ಈಸ್ ದ ಸಾಂಬಾರ್’ ಎಂಬುದು ನಿಲ್ಲುವುದಿಲ್ಲ, ಆದ್ದರಿಂದ ಕ್ರಿಯಾವಿಶೇಷಣ. ಇದೇ ಪರೀಕ್ಷೆಯಿಂದ ‘ಹೀ ಲುಕ್ಡ್ ಆಂಗ್ರಿ’ ಎಂದರೆ ಅವನು ಕೋಪಗೊಂಡವನಂತೆ ಕಂಡ ಎಂದೂ, ‘ಹೀ ಲುಕ್ಡ್ ಆಂಗ್ರಿಲಿ ಅಟ್ ಮೀ’ ಎಂದರೆ ನನ್ನನ್ನು ಕೋಪದಿಂದ ನೋಡಿದ ಎಂದೂ ತಿಳಿಯುತ್ತದೆ.

2. ‘ಲಿ’ ಸೇರಿಸುವಾಗ ಕಾಗುಣಿತ ನೋಡಿಕೊಳ್ಳಿ

ಇದು ಚಿಕ್ಕ ಹಂತ. ಹೆಚ್ಚಿನ ಗುಣವಾಚಕಗಳಿಗೆ ‘ಎಲ್’ ಮತ್ತು ‘ವೈ’ ಅಕ್ಷರಗಳನ್ನು ನೇರವಾಗಿ ಸೇರಿಸಿದರೆ ಸಾಕು: ‘ಸ್ಲೋ’ದಿಂದ ‘ಸ್ಲೋಲಿ’, ‘ಕೇರ್‌ಫುಲ್’ನಿಂದ ‘ಕೇರ್‌ಫುಲಿ’, ಈ ಎರಡನೆಯದರಲ್ಲಿ ಎರಡು ‘ಎಲ್’ ಉಳಿಯಬೇಕು ಎಂಬುದನ್ನು ಮರೆಯಬೇಡಿ. ‘ಹ್ಯಾಪಿ’, ‘ಈಸಿ’ಯಂತೆ ಪದ ‘ವೈ’ ಅಕ್ಷರದಲ್ಲಿ ಮುಗಿದರೆ ಆ ‘ವೈ’ ಹೋಗಿ ‘ಐ’ ಬರುತ್ತದೆ. ‘ಜೆಂಟಲ್’, ‘ಸಿಂಪಲ್’ನಂಥ ಪದಗಳಲ್ಲಿ ಕೊನೆಯ ‘ಇ’ ಬಿಟ್ಟು ‘ವೈ’ ಬರುತ್ತದೆ. ‘ಬೇಸಿಕ್’ನಂತೆ ‘ಐಸಿ’ ಅಕ್ಷರಗಳಲ್ಲಿ ಮುಗಿಯುವ ಪದಗಳಿಗೆ ‘ಎಎಲ್‌ಎಲ್‌ವೈ’ ಸೇರಬೇಕು. ‘ಪಬ್ಲಿಕ್’ ಮಾತ್ರ ಇದಕ್ಕೆ ಹೊರತಾಗಿ ‘ಪಬ್ಲಿಕ್ಲಿ’ ಆಗುತ್ತದೆ. ‘ಟ್ರೂ’ ಪದದ ‘ಇ’ ಬಿಟ್ಟುಹೋಗಿ ‘ಟ್ರೂಲಿ’ ಆಗುತ್ತದೆ. ಪತ್ರದ ಕೊನೆಯಲ್ಲಿ ‘ಯುವರ್ಸ್ ಟ್ರೂಲಿ’ ಬರೆಯುವವರಲ್ಲಿ ಹಲವರು ಆ ‘ಇ’ಯನ್ನು ಉಳಿಸಿಕೊಂಡು ತಪ್ಪುತ್ತಾರೆ.

ಇಷ್ಟರಲ್ಲೇ ಒಂದು ಹೊಂಡ ಇದೆ. ‘ಫ್ರೆಂಡ್ಲಿ’, ‘ಲವ್ಲಿ’, ‘ಲೋನ್ಲಿ’, ‘ಎಲ್ಡರ್ಲಿ’ ಇವು ‘ಲಿ’ಯಲ್ಲಿ ಮುಗಿದರೂ ಗುಣವಾಚಕಗಳೇ. ‘ಅವರು ಸ್ನೇಹದಿಂದ ಮಾತನಾಡಿದರು’ ಎನ್ನಲು ‘ದೇ ಸ್ಪೋಕ್ ಫ್ರೆಂಡ್ಲಿ’ ಎಂದರೆ ಆಗದು. ‘ದೇ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ’ ಎನ್ನಬೇಕು.

3. ‘ಲಿ’ ಬೇಡದ ಪದಗಳನ್ನು ಗುರುತು ಹಾಕಿಕೊಳ್ಳಿ

ಬೆಂಗಳೂರಿನ ಮಾತಿನಲ್ಲಿ ನಾವು ಇಂಗ್ಲಿಷ್ ಪದಕ್ಕೂ ಕನ್ನಡದ ‘ಆಗಿ’ಯನ್ನು ಸಲೀಸಾಗಿ ಅಂಟಿಸುತ್ತೇವೆ: ‘ಫಾಸ್ಟಾಗಿ ಓಡಿಸಬೇಡಪ್ಪ’, ‘ಇವತ್ತು ಆಫೀಸಿಗೆ ಲೇಟಾಗಿ ಬಂದೆ’. ಕನ್ನಡದಲ್ಲಿ ಇದಕ್ಕೆ ಯಾವ ದೋಷವೂ ಇಲ್ಲ. ಆದರೆ ಇದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವಾಗ ಆ ‘ಆಗಿ’ ಸದ್ದಿಲ್ಲದೆ ‘ಲಿ’ಯಾಗಿ ಬದಲಾಗಿ, ‘ಫಾಸ್ಟ್ಲಿ’ ಎಂಬ ಇಲ್ಲದ ಪದವೂ ‘ಐ ಕೇಮ್ ಲೇಟ್ಲಿ’ ಎಂಬ ಅರ್ಥ ತಪ್ಪಿದ ವಾಕ್ಯವೂ ಹುಟ್ಟಿಕೊಳ್ಳುತ್ತವೆ. ‘ಫಾಸ್ಟ್’, ‘ಹಾರ್ಡ್’, ‘ಲೇಟ್’, ‘ಅರ್ಲಿ’, ‘ಹೈ’, ‘ಲೋ’, ‘ನಿಯರ್’, ‘ಸ್ಟ್ರೇಟ್’ ಇವು ಗುಣವಾಚಕವಾಗಿಯೂ ಕ್ರಿಯಾವಿಶೇಷಣವಾಗಿಯೂ ಒಂದೇ ರೂಪದಲ್ಲಿ ನಿಲ್ಲುತ್ತವೆ.

ಹೀಗೇಕೆ ಎಂದು ಕೇಳುವವರಿಗೆ ಉತ್ತರ ಭಾಷೆಯ ಇತಿಹಾಸದಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಎ’ ಎಂಬ ಚಿಕ್ಕ ಸ್ವರ ಸೇರಿಸಿ ಕ್ರಿಯಾವಿಶೇಷಣ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಆ ಸ್ವರ ಉಚ್ಚಾರದಿಂದ ಉದುರಿಹೋಗಿ, ಗುಣವಾಚಕ ಮತ್ತು ಕ್ರಿಯಾವಿಶೇಷಣ ಎರಡೂ ಒಂದೇ ಆಗಿ ಉಳಿದವು. ‘ಫಾಸ್ಟ್’ ಮತ್ತು ‘ಹಾರ್ಡ್’ ಆ ಗುಂಪಿನವು. ‘ಲಿ’ಯ ಮೂಲ ಬೇರೆ. ಅದು ದೇಹ ಅಥವಾ ರೂಪ ಎಂಬ ಅರ್ಥದ ಹಳೆಯ ಪದದಿಂದ ಬಂದದ್ದು. ನಮ್ಮ ‘ಆಗು’ ಕ್ರಿಯಾಪದ ಸವೆದು ‘ಆಗಿ’ ಎಂಬ ಪ್ರತ್ಯಯದಂತಾದ ಹಾಗೆಯೇ ಅದೂ ಸವೆದು ಪ್ರತ್ಯಯವಾಯಿತು.

ಅಪಾಯ ಇರುವುದು ಮುಂದೆ. ಇವುಗಳಲ್ಲಿ ಕೆಲವಕ್ಕೆ ‘ಲಿ’ ಸೇರಿದ ಜೋಡಿ ಪದಗಳೂ ಇವೆ, ಅವುಗಳ ಅರ್ಥ ಪೂರ್ತಿ ಬೇರೆ. ‘ಹಾರ್ಡ್’ ಎಂದರೆ ಕಷ್ಟಪಟ್ಟು, ‘ಹಾರ್ಡ್ಲಿ’ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಈಚೆಗೆ. ‘ನಿಯರ್’ ಎಂದರೆ ಹತ್ತಿರ, ‘ನಿಯರ್ಲಿ’ ಎಂದರೆ ಹೆಚ್ಚುಕಡಿಮೆ. ‘ಹೈ’ ಎಂದರೆ ಎತ್ತರಕ್ಕೆ, ‘ಹೈಲಿ’ ಎಂದರೆ ಬಹಳವಾಗಿ. ವರ್ಷದ ಕೊನೆಯಲ್ಲಿ ತನ್ನ ಕೆಲಸದ ಬಗ್ಗೆ ತಾನೇ ಬರೆದುಕೊಡಬೇಕಾದ ಅಪ್ರೈಸಲ್ ಅರ್ಜಿಯಲ್ಲಿ ‘ಐ ಹ್ಯಾವ್ ವರ್ಕ್ಡ್ ಹಾರ್ಡ್ಲಿ ದಿಸ್ ಇಯರ್’ ಎಂದು ಬರೆದ ವಾಕ್ಯವನ್ನು ನಾನು ಕಣ್ಣಾರೆ ನೋಡಿದ್ದೇನೆ. ಬರೆದವರು ವರ್ಷವಿಡೀ ರಾತ್ರಿ ಪಾಳಿಯಲ್ಲಿ ದುಡಿದವರು. ಓದುವ ಮ್ಯಾನೇಜರಿಗೆ ಆ ವಾಕ್ಯ ಹೇಳುವುದು ಇವರು ಕೆಲಸವನ್ನೇ ಮಾಡಿಲ್ಲವೆಂದು. ‘ಐ ಹ್ಯಾವ್ ವರ್ಕ್ಡ್ ಹಾರ್ಡ್’ ಎಂದು ನಿಲ್ಲಿಸಿದ್ದರೆ ಸಾಕಿತ್ತು. ಬೇರೆ ತಪ್ಪುಗಳನ್ನು ಓದುವವರು ಊಹಿಸಿ ಸರಿಪಡಿಸಿಕೊಳ್ಳಬಹುದು, ಇದನ್ನು ಮಾತ್ರ ಊಹೆಗೆ ಬಿಡಬೇಡಿ.

‘ಮೋಸ್ಟ್ಲಿ’ಯನ್ನೂ ಇದೇ ಪಟ್ಟಿಗೆ ಸೇರಿಸಿ. ‘ಅವನು ಬಹುಶಃ ಬರುತ್ತಾನೆ’ ಎನ್ನಲು ನಮ್ಮೂರಿನಲ್ಲಿ ‘ಮೋಸ್ಟ್ಲಿ ಹೀ ವಿಲ್ ಕಮ್’ ಎನ್ನುವುದು ರೂಢಿಯಾಗಿದೆ. ‘ಮೋಸ್ಟ್ಲಿ’ ಎಂದರೆ ಬಹುಪಾಲು ಅಥವಾ ಹೆಚ್ಚಿನ ಸಲ ಎಂದರ್ಥ. ‘ಬಹುಶಃ’ ಎಂಬುದಕ್ಕೆ ‘ಪ್ರಾಬಬ್ಲಿ’ ಬಳಸಬೇಕು.

4. ಹೋಲಿಸುವಾಗ ಎರಡು ಕಡೆ ಗುರುತು ಹಾಕಿ

‘ಲೀಲಾ ಗೀತಾಳಿಗಿಂತ ಸ್ಪಷ್ಟವಾಗಿ ಮಾತನಾಡುತ್ತಾಳೆ’ ಎಂಬ ವಾಕ್ಯದಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಹೊತ್ತುಕೊಂಡಿದೆ. ‘ಸ್ಪಷ್ಟವಾಗಿ’ ಎಂಬ ಪದ ಹೋಲಿಕೆ ಇಲ್ಲದಾಗ ಹೇಗಿತ್ತೋ ಹಾಗೆಯೇ ಇದೆ. ಇಂಗ್ಲಿಷಿಗೆ ಇಷ್ಟು ಸಾಲದು. ಅಲ್ಲಿ ‘ಗಿಂತ’ದ ಜಾಗದಲ್ಲಿ ‘ದ್ಯಾನ್’ ಬರಬೇಕು, ಕ್ರಿಯಾವಿಶೇಷಣವೂ ರೂಪ ಬದಲಿಸಬೇಕು: ‘ಲೀಲಾ ಸ್ಪೀಕ್ಸ್ ಮೋರ್ ಕ್ಲಿಯರ್ಲಿ ದ್ಯಾನ್ ಗೀತಾ’. ಒಂದನ್ನು ಮರೆತವರು ‘ಸ್ಪೀಕ್ಸ್ ಕ್ಲಿಯರ್ಲಿ ದ್ಯಾನ್ ಗೀತಾ’ ಎಂದು ಬರೆಯುತ್ತಾರೆ. ಮರೆತೇನೆಂಬ ಭಯದಲ್ಲಿ ಇರುವವರು ಪದಕ್ಕೇ ಎರಡು ಗುರುತು ಹಾಕಿ ‘ಮೋರ್ ಫಾಸ್ಟರ್’, ‘ಮೋರ್ ಬೆಟರ್’ ಎನ್ನುತ್ತಾರೆ. ವಾಕ್ಯದಲ್ಲಿ ಒಂದು ಗುರುತು ಪದದ ಮೇಲೆ, ಇನ್ನೊಂದು ‘ದ್ಯಾನ್’. ಪದದ ಮೇಲೆ ಎರಡನೆಯದು ಬೇಡ.

ಪದದ ರೂಪ ಹೇಗೆ ಬದಲಾಗುತ್ತದೆ ಎಂಬುದು ಮೇಲಿನ ಹಂತಗಳಿಂದಲೇ ತಿಳಿಯುತ್ತದೆ. ‘ಲಿ’ ಸೇರಿಸಿ ಮಾಡಿದ ಕ್ರಿಯಾವಿಶೇಷಣಕ್ಕೆ ಮುಂದೆ ‘ಮೋರ್’ ಇಡಿ: ‘ಮೋರ್ ಕೇರ್‌ಫುಲಿ’, ‘ಮೋರ್ ಈಸಿಲಿ’. ಮೂರನೆಯ ಹಂತದ ‘ಲಿ’ ಬೇಡದ ಪದಗಳಿಗೆ ‘ಇಆರ್’ ಸೇರಿಸಿ: ‘ಫಾಸ್ಟರ್’, ‘ಹಾರ್ಡರ್’, ‘ಲೇಟರ್’, ‘ಹೈಯರ್’. ‘ಸೂನ್’ ಕೂಡ ಹೀಗೆಯೇ ‘ಸೂನರ್’ ಆಗುತ್ತದೆ. ‘ಅರ್ಲಿ’ಯ ಕೊನೆಯಲ್ಲಿ ‘ಲಿ’ ಕಂಡು ಮೋಸ ಹೋಗಬೇಡಿ; ಅದರ ರೂಪ ‘ಅರ್ಲಿಯರ್’. ‘ಆಫನ್’ ಪದಕ್ಕೆ ‘ಮೋರ್ ಆಫನ್’ ಎನ್ನುವುದೇ ಇಂದಿನ ಬಳಕೆ. ನಿಯಮಕ್ಕೆ ಸಿಗದವು ಕೆಲವೇ ಇವೆ, ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಬಿಡಿ: ವೆಲ್, ಬೆಟರ್, ಬೆಸ್ಟ್, ಬ್ಯಾಡ್ಲಿ, ವರ್ಸ್, ವರ್ಸ್ಟ್, ಮಚ್, ಮೋರ್, ಮೋಸ್ಟ್, ಲಿಟಲ್, ಲೆಸ್, ಲೀಸ್ಟ್, ಫಾರ್, ಫರ್ದರ್, ಫರ್ದೆಸ್ಟ್. ಮಾತಿನಲ್ಲಿ ‘ಮೋರ್ ಸ್ಲೋಲಿ’ ಬದಲಿಗೆ ‘ಸ್ಲೋವರ್’, ‘ಮೋರ್ ಲೌಡ್ಲಿ’ ಬದಲಿಗೆ ‘ಲೌಡರ್’ ಎನ್ನುವುದು ಸಹಜ. ಅರ್ಜಿ, ವರದಿ, ಪರೀಕ್ಷೆಗಳಲ್ಲಿ ಮಾತ್ರ ‘ಮೋರ್ ಸ್ಲೋಲಿ’ ಎಂದೇ ಬರೆಯಿರಿ.

1894ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಸ್ಥಾಪನೆಯಾದಾಗಿನಿಂದ ಜೊತೆಗಿರುವ ‘ಸಿಟಿಯಸ್, ಆಲ್ಟಿಯಸ್, ಫೋರ್ಟಿಯಸ್’ ಎಂಬ ಲ್ಯಾಟಿನ್ ಧ್ಯೇಯವಾಕ್ಯ ಮೂರು ಕ್ರಿಯಾವಿಶೇಷಣಗಳ ಕಂಪ್ಯಾರಟಿವ್ ರೂಪಗಳಿಂದಲೇ ಆದದ್ದು. ಇಂಗ್ಲಿಷಿನಲ್ಲಿ ಅದು ‘ಫಾಸ್ಟರ್, ಹೈಯರ್, ಸ್ಟ್ರಾಂಗರ್’. ಎಲ್ಲೂ ‘ಮೋರ್’ ಇಲ್ಲ. 2021ರಲ್ಲಿ ಇದಕ್ಕೆ ‘ಟುಗೆದರ್’ ಸೇರಿತು. ಅದೂ ಕ್ರಿಯಾವಿಶೇಷಣವೇ, ಆದರೆ ಅದಕ್ಕೆ ಕಂಪ್ಯಾರಟಿವ್ ರೂಪ ಇಲ್ಲ. ‘ಹಿಯರ್’, ‘ನೌ’, ‘ಡೈಲಿ’, ‘ಆಲ್ರೆಡಿ’ ಇವಕ್ಕೂ ಇಲ್ಲ. ಹೆಚ್ಚು ಕಡಿಮೆ ಎಂಬ ಅಳತೆಗೆ ಸಿಗದ ಪದವನ್ನು ಹೋಲಿಕೆಗೆ ಎಳೆಯಬಾರದು.

ಸಮನಾಗಿದೆ ಎನ್ನುವಾಗ, ಅಂದರೆ ‘ಗೀತಾಳಷ್ಟೇ ಸ್ಪಷ್ಟವಾಗಿ’ ಎನ್ನುವಾಗ, ಪದವನ್ನು ಬದಲಿಸದೆ ಎರಡು ‘ಆ್ಯಸ್’ಗಳ ನಡುವೆ ಇಡಿ: ‘ಆ್ಯಸ್ ಕ್ಲಿಯರ್ಲಿ ಆ್ಯಸ್ ಗೀತಾ’. ‘ಎಷ್ಟು, ಅಷ್ಟು’ ಎಂಬ ಜೋಡಿಯಲ್ಲಿ ಮಾತ್ರ ಕನ್ನಡದಲ್ಲಿ ‘ಗಿಂತ’ವೂ ಇರುವುದಿಲ್ಲ, ಆದ್ದರಿಂದ ಅದನ್ನು ಹೋಲಿಕೆಯೆಂದೇ ನಾವು ಗುರುತಿಸುವುದಿಲ್ಲ. ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಗೆಳೆಯನಿಗೆ ‘ಎಷ್ಟು ಬೇಗ ಹೊರಡುತ್ತೀಯೋ ಅಷ್ಟು ಬೇಗ ತಲುಪುತ್ತೀಯ’ ಎಂದು ಬರೆಯಬೇಕಾದರೆ ಇಂಗ್ಲಿಷಿನಲ್ಲಿ ಎರಡೂ ಕಡೆ ಕಂಪ್ಯಾರಟಿವ್ ಬೇಕು, ಎರಡರ ಮುಂದೆಯೂ ‘ದ’ ಬೇಕು: ‘ದ ಅರ್ಲಿಯರ್ ಯು ಲೀವ್, ದ ಸೂನರ್ ಯು ವಿಲ್ ಗೆಟ್ ದೇರ್’.

5. ‘ಎಲ್ಲರಿಗಿಂತ’ ಎನ್ನುವಾಗ ಯಾರನ್ನು ಬಿಟ್ಟಿದ್ದೀರಿ ಎಂದು ಹೇಳಿ

ಕನ್ನಡದಲ್ಲಿ ಸೂಪರ್ಲೇಟಿವ್‌ಗೆ ಬೇರೆ ರೂಪ ಇಲ್ಲ. ‘ಎಲ್ಲರಿಗಿಂತ’ ಎಂದರೆ ಆಯಿತು. ‘ರವಿ ತರಗತಿಯಲ್ಲಿ ಎಲ್ಲರಿಗಿಂತ ವೇಗವಾಗಿ ಓಡುತ್ತಾನೆ’ ಎಂದಾಗ ರವಿಯನ್ನು ಬಿಟ್ಟು ಉಳಿದವರು ಎಂದು ಕೇಳುವವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಬಿಡಿಸಿ ಹೇಳಬೇಕು: ‘ರವಿ ರನ್ಸ್ ಫಾಸ್ಟರ್ ದ್ಯಾನ್ ಎನಿ ಅದರ್ ಬಾಯ್ ಇನ್ ದ ಕ್ಲಾಸ್’. ‘ಅದರ್’ ಬಿಟ್ಟರೆ ರವಿ ತನಗಿಂತಲೂ ವೇಗವಾಗಿ ಓಡಿದಂತಾಗುತ್ತದೆ. ಡಿಗ್ರಿ ಬದಲಿಸಿ ಬರೆಯಿರಿ ಎಂಬ ಪರೀಕ್ಷೆಯ ಪ್ರಶ್ನೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಈ ಒಂದು ಪದಕ್ಕೆ. ಸೂಪರ್ಲೇಟಿವ್ ಬಳಸುವುದಾದರೆ ‘ರವಿ ರನ್ಸ್ ದ ಫಾಸ್ಟೆಸ್ಟ್’ ಎನ್ನಿ. ಕ್ರಿಯಾವಿಶೇಷಣದ ಮುಂದೆ ಈ ‘ದ’ ಬಿಟ್ಟರೂ ತಪ್ಪಾಗುವುದಿಲ್ಲ.

6. ‘ತುಂಬಾ’ ಎಂಬುದನ್ನು ಮೂರಾಗಿ ಒಡೆಯಿರಿ

ಹೋಲಿಕೆ ಇಲ್ಲದಾಗ ‘ವೆರಿ’: ‘ವೆರಿ ಫಾಸ್ಟ್’. ಹೋಲಿಕೆ ಇದ್ದಾಗ ‘ಮಚ್’ ಅಥವಾ ‘ಫಾರ್’: ‘ಮಚ್ ಫಾಸ್ಟರ್’. ‘ವೆರಿ ಫಾಸ್ಟರ್’ ಎಂಬುದು ಎಂದೂ ಸರಿಯಲ್ಲ. ಮಿತಿ ಮೀರಿ ತೊಂದರೆಯಾದಾಗ ಮಾತ್ರ ‘ಟೂ’: ‘ಹೀ ಡ್ರೈವ್ಸ್ ಟೂ ಫಾಸ್ಟ್’. ಹೊಗಳುವಾಗ ‘ಶೀ ಸಿಂಗ್ಸ್ ಟೂ ವೆಲ್’ ಎಂದರೆ ಹಾಡುವುದು ಅತಿಯಾಯಿತು ಎಂಬ ಧ್ವನಿ ಬರುತ್ತದೆ. ‘ಬೇಗ ಬೇಗ’, ‘ನಿಧಾನವಾಗಿ ನಿಧಾನವಾಗಿ’ ಎಂಬ ನಮ್ಮ ದ್ವಿರುಕ್ತಿಯೂ, ಅಂದರೆ ಪದವನ್ನು ಎರಡು ಸಲ ಹೇಳಿ ಒತ್ತು ಕೊಡುವ ರೀತಿಯೂ, ಇಂಗ್ಲಿಷಿಗೆ ಹಾಗೆಯೇ ಹೋಗುವುದಿಲ್ಲ. ‘ಫಾಸ್ಟ್ ಫಾಸ್ಟ್’ ಬೇಡ, ‘ಕ್ವಿಕ್ಲಿ’ ಸಾಕು. ‘ಫಾಸ್ಟರ್ ಆ್ಯಂಡ್ ಫಾಸ್ಟರ್’ ಎಂಬುದು ಇದೆ. ಆದರೆ ಅದರ ಅರ್ಥ ವೇಗ ಹೆಚ್ಚುತ್ತಲೇ ಹೋಯಿತು ಎಂದು.

7. ಪದವನ್ನು ಎಲ್ಲಿ ಇಡಬೇಕೆಂದು ನೋಡಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕ್ರಿಯಾವಿಶೇಷಣ ಅದರ ಪಕ್ಕದಲ್ಲಿ ಕೂರುತ್ತದೆ: ‘ಇಂಗ್ಲಿಷ್ ಚೆನ್ನಾಗಿ ಮಾತನಾಡುತ್ತಾಳೆ’. ಆ ಅಭ್ಯಾಸದಿಂದ ‘ಶೀ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂದು ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಪದಕ್ಕೂ ನಡುವೆ, ಅಂದರೆ ‘ಏನನ್ನು’ ಎಂಬ ಪ್ರಶ್ನೆಗೆ ಉತ್ತರವಾಗುವ ಪದಕ್ಕೂ ನಡುವೆ, ಏನನ್ನೂ ತೂರಿಸಬಾರದು: ‘ಶೀ ಸ್ಪೀಕ್ಸ್ ಇಂಗ್ಲಿಷ್ ವೆಲ್’. ‘ಆಲ್ವೇಸ್’, ‘ಆಫನ್’, ‘ನೆವರ್’ನಂಥ ಎಷ್ಟು ಸಲ ಎಂದು ಹೇಳುವ ಪದಗಳು ಮುಖ್ಯ ಕ್ರಿಯಾಪದಕ್ಕೆ ಮೊದಲು, ಆದರೆ ‘ಈಸ್’, ‘ವಾಸ್’, ‘ವಿಲ್’ ಇವುಗಳ ನಂತರ ಬರುತ್ತವೆ: ‘ಹೀ ಆಫನ್ ಟೇಕ್ಸ್ ದ ಮೆಟ್ರೊ’, ‘ಹೀ ಈಸ್ ಆಫನ್ ಲೇಟ್’.

ಬೆಂಗಳೂರಿನವರು ಎಲ್ಲೇ ಹೋದರೂ ಗುರುತು ಹಚ್ಚಬಹುದಾದ ಪದವೊಂದಿದೆ: ‘ಓನ್ಲಿ’. ‘ಇಲ್ಲೇ ಇದ್ದೇನೆ’ ಎಂಬುದು ‘ಐ ಆಮ್ ಹಿಯರ್ ಓನ್ಲಿ’ ಆಗುತ್ತದೆ, ‘ನಿನ್ನೆಯೇ ಕಳುಹಿಸಿದೆ’ ಎಂಬುದು ‘ಯೆಸ್ಟರ್ಡೇ ಓನ್ಲಿ ಐ ಸೆಂಟ್’ ಆಗುತ್ತದೆ. ಕನ್ನಡದ ಅವಧಾರಣೆಯ ‘ಏ’, ಅಂದರೆ ಒತ್ತಿ ಹೇಳಲು ಪದದ ಕೊನೆಗೆ ಸೇರಿಸುವ ‘ಏ’, ಇಲ್ಲಿ ‘ಓನ್ಲಿ’ಯ ವೇಷದಲ್ಲಿ ಬಂದಿದೆ. ಗೆಳೆಯರ ನಡುವೆ ಹಾಗೆ ಮಾತನಾಡಿದರೆ ನಾನು ಬೇಡವೆನ್ನುವುದಿಲ್ಲ. ಅದರಲ್ಲಿ ನಮ್ಮ ಭಾಷೆಯ ಸೊಗಡಿದೆ. ಆದರೆ ಹೊರಗಿನವರಿಗೆ ಬರೆಯುವಾಗ ‘ಓನ್ಲಿ’ ಎಂದರೆ ‘ಮಾತ್ರ’ ಎಂದಷ್ಟೇ ಓದಿಕೊಳ್ಳುತ್ತಾರೆ. ಒತ್ತು ಬೇಕಾದರೆ ‘ಐ ಆಮ್ ರೈಟ್ ಹಿಯರ್’ ಎನ್ನಿ, ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಎಂದು ನೇರವಾಗಿ ಬರೆಯಿರಿ.

8. ಒಂದು ಇಮೇಲ್ ಇಟ್ಟುಕೊಂಡು ಎಲ್ಲ ಹಂತಗಳನ್ನೂ ನಡೆಸಿ

ಕಚೇರಿಗಳಲ್ಲಿ ದಿನವೂ ಓಡಾಡುವಂಥ ನಾಲ್ಕು ವಾಕ್ಯಗಳು ಇಲ್ಲಿವೆ. ‘ಟುಡೇ ಓನ್ಲಿ ಐ ಚೆಕ್ಡ್ ಕೇರ್‌ಫುಲಿ ದ ರಿಪೋರ್ಟ್. ದ ನ್ಯೂ ಸರ್ವರ್ ಈಸ್ ರನ್ನಿಂಗ್ ವೆರಿ ಫಾಸ್ಟರ್ ದ್ಯಾನ್ ದ ಓಲ್ಡ್ ಒನ್. ವಿ ಆರ್ ಟ್ರೈಯಿಂಗ್ ಹಾರ್ಡ್ಲಿ ಟು ಫಿನಿಶ್ ದ ರೆಸ್ಟ್. ಮೋಸ್ಟ್ಲಿ ವಿ ವಿಲ್ ಸೆಂಡ್ ಇಟ್ ಟುಮಾರೊ.’

ಮೊದಲ ವಾಕ್ಯದಲ್ಲಿ ‘ಓನ್ಲಿ’ ಎಂಬುದು ‘ಇವತ್ತೇ’ಯ ‘ಏ’, ಅದನ್ನು ಬಿಡಿ. ‘ಕೇರ್‌ಫುಲಿ’ ಕ್ರಿಯಾಪದಕ್ಕೂ ರಿಪೋರ್ಟಿಗೂ ನಡುವೆ ಸಿಕ್ಕಿಕೊಂಡಿದೆ, ಅದನ್ನು ರಿಪೋರ್ಟಿನ ನಂತರಕ್ಕೆ ಸರಿಸಿ: ‘ಐ ಚೆಕ್ಡ್ ದ ರಿಪೋರ್ಟ್ ಕೇರ್‌ಫುಲಿ ಟುಡೇ’. ಎರಡನೆಯದರಲ್ಲಿ ಹೋಲಿಕೆ ಇರುವುದರಿಂದ ‘ವೆರಿ’ ಹೋಗಿ ‘ಮಚ್’ ಬರಬೇಕು: ‘ದ ನ್ಯೂ ಸರ್ವರ್ ಈಸ್ ರನ್ನಿಂಗ್ ಮಚ್ ಫಾಸ್ಟರ್ ದ್ಯಾನ್ ದ ಓಲ್ಡ್ ಒನ್’. ಮೂರನೆಯದರಲ್ಲಿ ‘ಹಾರ್ಡ್ಲಿ’ಯ ‘ಲಿ’ ತೆಗೆಯದಿದ್ದರೆ ಪ್ರಯತ್ನವನ್ನೇ ಮಾಡುತ್ತಿಲ್ಲವೆಂದು ಗ್ರಾಹಕರಿಗೆ ನೀವೇ ಬರೆದುಕೊಟ್ಟಂತಾಗುತ್ತದೆ: ‘ವಿ ಆರ್ ಟ್ರೈಯಿಂಗ್ ಹಾರ್ಡ್ ಟು ಫಿನಿಶ್ ದ ರೆಸ್ಟ್’. ಕೊನೆಯದರಲ್ಲಿ ‘ಮೋಸ್ಟ್ಲಿ’ಯ ಜಾಗಕ್ಕೆ ‘ಪ್ರಾಬಬ್ಲಿ’ ಬಂದು, ಅದು ‘ವಿಲ್’ನ ನಂತರ ಕೂರಬೇಕು: ‘ವಿ ವಿಲ್ ಪ್ರಾಬಬ್ಲಿ ಸೆಂಡ್ ಇಟ್ ಟುಮಾರೊ’. ನಾಳೆ ಕಳುಹಿಸುವುದು ಖಚಿತವಾಗಿದ್ದರೆ ಆ ‘ಪ್ರಾಬಬ್ಲಿ’ಯನ್ನೂ ತೆಗೆದುಹಾಕಿ.